ಎರಡು ಗಣಿಗಳಲ್ಲಿ ಸಿಕ್ಕ ಒಂದು ಕಣ

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂ ಕಡೆ ಹೊರಟಿದ್ದೆವು. ಅಕ್ಕನ ಮಗ ಕೈಯಲ್ಲಿದ್ದ ಆಟದಿಂದ ತಲೆ ಎತ್ತದೆಯೇ ಕೇಳಿದ: "ಮಾಮ, ಪೋಕೆಮಾನ್ ಸ್ಕಾರ್ಲೆಟ್, ಪೋಕೆಮಾನ್ ವೈಲೆಟ್ ಅಂತ ಒಂದೇ ದಿನ ಎರಡು ಬಿಟ್ಟರಲ್ಲ, ಅದು ಒಂದು ಗೇಮಾ, ಎರಡಾ?" ಅವನ ತರಗತಿಯಲ್ಲಿ ಇದರ ಮೇಲೆ ಜಗಳವೇ ಆಗಿತ್ತಂತೆ. ಎರಡನ್ನೂ ಆಡಿ ಮುಗಿಸಿದ ಹುಡುಗನೊಬ್ಬ ತನ್ನ ಲೆಕ್ಕಕ್ಕೆ ಎರಡು ಸೇರಿಸಿಕೊಂಡಿದ್ದಾನೆ, ಉಳಿದವರು ಒಂದೇ ಅಂತ ಪಟ್ಟು ಹಿಡಿದಿದ್ದಾರೆ.

ಹುಡುಗರ ಜಗಳವಾದರೂ ಪ್ರಶ್ನೆ ಗಟ್ಟಿಯಾದದ್ದು. ಈ ಜೋಡಿ ಆಟಗಳ ಕತೆ ಶುರುವಾದದ್ದು ಜಪಾನಿನಲ್ಲಿ, 1996ರ ಫೆಬ್ರುವರಿ 27ರಂದು. ಅದನ್ನು ಕಲ್ಪಿಸಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದವರು. ಕೈಯಲ್ಲಿ ಹಿಡಿದು ಆಡುವ ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ನೋಡಿದಾಗ ಅವರಿಗೆ ಹೊಳೆದದ್ದು, ಆ ತಂತಿಯ ಮೇಲೆ ಹುಳವೊಂದು ಹರಿದು ಆಚೆ ಬದಿಗೆ ಹೋಗುವ ಚಿತ್ರ. ಹಿಡಿದ ಪ್ರಾಣಿಯನ್ನು ಗೆಳೆಯನಿಗೆ ಕೊಟ್ಟು ಅವನದನ್ನು ಪಡೆಯುವ ಆಟ ಹಾಗೆ ಹುಟ್ಟಿತು. ಆದರೆ ಇಬ್ಬರಿಗೂ ಎಲ್ಲ ಪ್ರಾಣಿಗಳೂ ಸಿಗುವಂತಿದ್ದರೆ ಕೊಟ್ಟು ತೆಗೆದುಕೊಳ್ಳುವ ಗರಜೇ ಇರುವುದಿಲ್ಲ. ಆಟ ಹೊರತಂದ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಕೊಟ್ಟ ಸಲಹೆಯಂತೆ ಆಟ ಕೆಂಪು, ಹಸಿರು ಎಂದು ಎರಡಾಗಿ ಬಂತು. ಕತೆ ಒಂದೇ, ಊರುಗಳು ಒಂದೇ. ಕೆಲವು ಪ್ರಾಣಿಗಳು ಮಾತ್ರ ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲ. 1998ರಲ್ಲಿ ಅಮೆರಿಕಕ್ಕೆ ಹೋದ ಕೆಂಪು, ನೀಲಿ ಜೋಡಿಯಲ್ಲಿ ಹೀಗೆ ಒಂದೊಂದಕ್ಕೇ ಮೀಸಲಾದವು ತಲಾ 11 ಇದ್ದವು. ಮಾರಾಟದ ಲೆಕ್ಕ ಕೊಡುವಾಗ ನಿಂಟೆಂಡೊ ಜೋಡಿಯನ್ನು ಸೇರಿಸಿ ಒಂದೇ ಸಾಲಿನಲ್ಲಿ ಬರೆಯುತ್ತದೆ. ಅಂಗಡಿಯಲ್ಲಿ ಮಾತ್ರ ಎರಡು ಡಬ್ಬ, ಎರಡು ಬಿಲ್ಲು.

"ಕೆಜಿಎಫ್ ಸಿನಿಮಾ ಚಾಪ್ಟರ್ ಒಂದು, ಎರಡು ಅಂತ ಬಂತಲ್ಲ, ಅದು ಎರಡೇ ತಾನೇ?" ಅಂದ. ಹೌದು, ಅದರಲ್ಲಿ ತಕರಾರಿಲ್ಲ. 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು. ಕತೆ ಮುಂದುವರಿದಿದೆ, ಮತ್ತೆ ಹೇಳಿದ್ದಲ್ಲ. ಇವನ ಪ್ರಶ್ನೆ ಅದಕ್ಕಿಂತ ತೊಡಕಿನದು. ಒಂದೇ ಸಂಗತಿ, ಒಂದೇ ಹೊತ್ತಿಗೆ, ಎರಡು ಕಡೆ ಬಂದರೆ?

ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣತೊಡಗಿದ್ದವು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಹಿಟ್ಟಿನ ಗುಡ್ಡಗಳು, ಮಳೆ ಕೊರೆದ ಗೀರುಗಳೊಂದಿಗೆ. ಊರಿಗಾಂ ದಾಟಿ ಚಾಂಪಿಯನ್ ನಿಲ್ದಾಣ ಹತ್ತಿರವಾಗುತ್ತಿದ್ದಂತೆ ನನಗೆ ಅನ್ನಿಸಿತು: ಇವನು ಕೇಳಿದ ಪ್ರಶ್ನೆ ಇದೇ ನೆಲದ ಕೆಳಗೆ ಒಮ್ಮೆ ಎದ್ದಿತ್ತು. 1965ರಲ್ಲಿ ಕೆಜಿಎಫ್ ಎಂಬ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ಸ್ ಗಣಿಯೊಳಗೆ ಒಂದು ಆವಿಷ್ಕಾರ ಆಯಿತು. ಅದೇ ವರ್ಷ ಅದೇ ಆವಿಷ್ಕಾರ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಆಯಿತು. ಎರಡರ ವರದಿಗಳೂ ಹದಿನೈದು ದಿನಗಳ ಅಂತರದಲ್ಲಿ ಅಚ್ಚಾದವು. ಅವನ್ನು ಒಂದೆಂದು ಎಣಿಸಬೇಕೋ, ಎರಡೆಂದೋ?

ಕತೆಯನ್ನು 1951ರಿಂದ ಹೇಳಬೇಕು. ಹೋಮಿ ಭಾಭಾ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿ ಹೆಸರಾದವರು. ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಹುಟ್ಟಿದ್ದು ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಆಮೇಲೆ ಅದು ಬೊಂಬಾಯಿಗೆ ಹೋಯಿತು. ಬೆಂಗಳೂರಿನಿಂದ ನೂರು ಕಿಲೋಮೀಟರಿನಾಚೆ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದು ಇದೆ ಎಂಬುದು ಭಾಭಾ ಅವರ ತಲೆಯಲ್ಲಿ ಉಳಿದಿತ್ತು. ಭೂಮಿಯ ಆಳಕ್ಕೆ ವಿಶ್ವಕಿರಣ ಎಷ್ಟು ದೂರ ಇಳಿಯುತ್ತದೆ ಎಂದು ಅಳೆಯಲು ಅವರು ಬಿ.ವಿ. ಶ್ರೀಕಂಠನ್ ಎಂಬ ತರುಣನನ್ನು ಕಳಿಸಿದರು. ಶ್ರೀಕಂಠನ್ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಓದಿ, 1948ರಲ್ಲಿ ಆ ಸಂಸ್ಥೆ ಸೇರಿದ್ದರು. ಮುಂದೆ ಅದರ ನಿರ್ದೇಶಕರೂ ಆದರು. ಗೈಗರ್ ಎಣಿಕೆ ಕೊಳವೆಗಳನ್ನು ಕಟ್ಟಿಕೊಂಡು ಕೇಜ್ ಏರಿ ಗಣಿಗೆ ಇಳಿದ ಈ ನಂಜನಗೂಡಿನವರ ಬಗ್ಗೆ ಕೋಲಾರ ಜಿಲ್ಲೆಯ ಮಕ್ಕಳಿಗೆ ಹೇಳಬೇಕು ಎಂಬುದು ನನ್ನ ಬಹುದಿನದ ಆಸೆ.

ಅಳೆಯಬೇಕಾದದ್ದು ಮ್ಯೂಆನ್ ಎಂಬ ಕಣವನ್ನು. ಬಾಹ್ಯಾಕಾಶದಿಂದ ಬಂದ ಕಿರಣ ವಾಯುಮಂಡಲದ ಮೇಲುಪದರಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ ನೆಲದ ತನಕ ಬಂದು ಮುಟ್ಟುವುದು ಮುಖ್ಯವಾಗಿ ಇದೇ. ಬಯಲಿನಲ್ಲಿ ಅಂಗೈ ಚಾಚಿ ನಿಂತರೆ ಹೆಚ್ಚುಕಡಿಮೆ ಸೆಕೆಂಡಿಗೊಂದು ಮ್ಯೂಆನ್ ಅದನ್ನು ತೂರಿ ಹೋಗುತ್ತದೆ. ಮಾಳಿಗೆ, ಗೋಡೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಬಂಡೆಯೊಳಕ್ಕೆ ಇಳಿದಂತೆ ಮಾತ್ರ ಸೊರಗುತ್ತದೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತದೆ ಎಂಬುದು ಗೊತ್ತಾದರೆ ಮೇಲಿನಿಂದ ಬಂದ ಕಿರಣದ ಶಕ್ತಿಯನ್ನು ಲೆಕ್ಕ ಹಾಕಬಹುದು. ಅದಕ್ಕೆ ಬೇಕಾದದ್ದು ಒಂದಕ್ಕಿಂತ ಒಂದು ಆಳದಲ್ಲಿ ನಿಂತು ಎಣಿಸಲು ಜಾಗ, ಕರೆಂಟು, ಇಳಿಸಿ ಹತ್ತಿಸುವ ಕೇಜು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರಿನಲ್ಲಿ ಇದೆಲ್ಲವೂ ಸಿದ್ಧವಿತ್ತು. ಅದಕ್ಕಿಂತ ಹೆಚ್ಚಾಗಿ, ಆಳದಲ್ಲಿ ಕೆಲಸ ಮಾಡಿ ಗೊತ್ತಿದ್ದ ಜನರಿದ್ದರು. ಕಲ್ಲು ಯಾವಾಗ ಸದ್ದು ಮಾಡುತ್ತದೆ, ಬಂಡೆ ಸಿಡಿದು ರಾಕ್ ಬರ್ಸ್ಟ್ ಆದರೆ ಎತ್ತ ಓಡಬೇಕು, ಭಾರವಾದ ಪೆಟ್ಟಿಗೆಯನ್ನು ಕಿರಿದಾದ ಸುರಂಗದಲ್ಲಿ ಹೇಗೆ ತಿರುಗಿಸಬೇಕು ಎಂಬುದೆಲ್ಲ ತಲೆಮಾರುಗಳಿಂದ ಬಂದ ವಿದ್ಯೆ. ಪ್ರಬಂಧದ ತಲೆಯಲ್ಲಿ ಅವರ ಹೆಸರು ಬರುವುದಿಲ್ಲ. ಅವರ ಕೈ ಇಲ್ಲದೆ ಒಂದು ಉಪಕರಣವೂ ಕೆಳಗೆ ಮುಟ್ಟುತ್ತಿರಲಿಲ್ಲ.

ಹತ್ತು ವರ್ಷ ಹೀಗೆ ಎಣಿಕೆ ನಡೆಯಿತು. ಆಮೇಲೆ 1961ರಲ್ಲಿ ಬಂತು ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಘಟ್ಟ.

ಜಪಾನಿನ ಮಿಯಾಕೆ, ನಮ್ಮ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಮೂವರೂ ಸೇರಿ ಹಂತಹಂತವಾಗಿ ಆಳಕ್ಕೆ ಇಳಿದು ಮ್ಯೂಆನ್‌ಗಳನ್ನು ಎಣಿಸಿದರು. ಒಂದೊಂದು ಮಟ್ಟಕ್ಕೂ ಎಣಿಕೆ ಇಳಿಯುತ್ತ ಬಂತು. ಕೊನೆಗೆ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟು ಕಾದರು. ಒಂದು ವಾರ, ಎರಡು ವಾರ, ಒಂದು ತಿಂಗಳು. ಹೆಚ್ಚುಕಡಿಮೆ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ಮೇಲೆ ಅಂಗೈಗೆ ಸೆಕೆಂಡಿಗೊಂದು ಬೀಳುವ ಕಣ, ಕೆಳಗೆ ಉಪಕರಣದ ಮೈಗೆಲ್ಲ ಎರಡು ತಿಂಗಳಿಗೆ ಒಂದೂ ಇಲ್ಲ.

ಎಣಿಸಲು ಹೋದವರಿಗೆ ಸೊನ್ನೆ ಸಿಕ್ಕಿದರೆ ಕೆಲಸ ಕೆಟ್ಟಿತು ಎಂದೇ ಅನ್ನಿಸಬೇಕು. ಇವರು ಆ ಸೊನ್ನೆಯನ್ನು ಬೇರೆ ರೀತಿ ಓದಿದರು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಇನ್ನು ಮುಂದೆ ಏನಾದರೂ ಸದ್ದು ಕೇಳಿದರೆ ಅದು ಮೇಲಿನಿಂದ ಇಳಿದ ಮ್ಯೂಆನ್‌ನದಲ್ಲ, ಬೇರೆ ಯಾರದ್ದೋ. ಆ ಬೇರೆಯವನು ಯಾರು ಎಂಬ ಊಹೆಯೂ ಆಗಲೇ ಓಡಾಡುತ್ತಿತ್ತು: ನ್ಯೂಟ್ರಿನೊ.

ನ್ಯೂಟ್ರಿನೊ ಇರಬೇಕು ಎಂದು ವೂಲ್ಫ್‌ಗಾಂಗ್ ಪೌಲಿ 1930ರಲ್ಲಿ ಹೇಳಿದ್ದರು. ಯಾವುದಕ್ಕೂ ತಾಕದೆ ಭೂಮಿಯನ್ನೇ ತೂರಿ ಹೋಗುವ ಕಣ ಅದು. ಪರಮಾಣು ರಿಯಾಕ್ಟರಿನಿಂದ ಹೊಮ್ಮಿದ ನ್ಯೂಟ್ರಿನೊಗಳನ್ನು ಅಮೆರಿಕದ ಫ್ರೆಡರಿಕ್ ರೈನೆಸ್ ಮತ್ತು ಕ್ಲೈಡ್ ಕೋವನ್ 1956ರಲ್ಲಿ ಹಿಡಿದರು. ಆದರೆ ಅದು ಮನುಷ್ಯ ಕಟ್ಟಿದ ಯಂತ್ರದಲ್ಲಿ ಹುಟ್ಟಿದ್ದು. ವಿಶ್ವಕಿರಣ ಗಾಳಿಗೆ ಬಡಿದಾಗಲೂ ನ್ಯೂಟ್ರಿನೊ ಹುಟ್ಟಲೇಬೇಕು, ಅದನ್ನು ನೆಲದಾಳದಲ್ಲಿ ಹುಡುಕಬಹುದು ಎಂದು ಸೋವಿಯತ್ ದೇಶದ ಮಾರ್ಕೋವ್, ಅಮೆರಿಕದ ಗ್ರೈಸನ್ ಇಬ್ಬರೂ 1960ರ ಹೊತ್ತಿಗೆ ಬರೆದಿದ್ದರು. (ಈ ಯೋಚನೆಯೂ ಎರಡು ಕಡೆ ಒಟ್ಟಿಗೇ ಬಂದದ್ದು. ವಿಜ್ಞಾನದಲ್ಲಿ ಅವಳಿ ಹೆರಿಗೆ ನಾವು ತಿಳಿದಷ್ಟು ಅಪರೂಪವಲ್ಲ.) ಆದರೆ ಆಕಾಶದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು 1965ರ ತನಕ ಯಾರೂ ಕಂಡಿರಲಿಲ್ಲ.

ಹಿಡಿಯುವ ಉಪಾಯ ಹೀಗೆ. ನ್ಯೂಟ್ರಿನೊ ಅಪರೂಪಕ್ಕೊಮ್ಮೆ ಬಂಡೆಯ ಪರಮಾಣುವೊಂದಕ್ಕೆ ತಾಕುತ್ತದೆ. ತಾಕಿದಾಗ ಮ್ಯೂಆನ್ ಹುಟ್ಟಿ ಮುಂದಕ್ಕೆ ಚಿಮ್ಮುತ್ತದೆ. ಆ ಮ್ಯೂಆನನ್ನು ಹಿಡಿಯಬೇಕು. ಮೇಲಿನಿಂದ ಬರುವ ಸಾಮಾನ್ಯ ಮ್ಯೂಆನ್‌ಗೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು? ದಿಕ್ಕಿನಿಂದ. ಸಾಮಾನ್ಯ ಮ್ಯೂಆನ್ ಅಷ್ಟು ಆಳಕ್ಕೆ ಮುಟ್ಟಬೇಕಾದರೆ ನೆಟ್ಟಗೆ ಇಳಿಯಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚಾಗಿ ನಡುದಾರಿಯಲ್ಲೇ ಸಾಯುತ್ತದೆ. ನ್ಯೂಟ್ರಿನೊಗೆ ಬಂಡೆಯ ಹಂಗಿಲ್ಲ, ಯಾವ ದಿಕ್ಕಿನಿಂದಲೂ ಬರುತ್ತದೆ. ಹಾಗಾಗಿ ಅಡ್ಡಡ್ಡ ಹೋದ ಮ್ಯೂಆನ್ ಕಂಡರೆ ಅದು ನ್ಯೂಟ್ರಿನೊದ ಮಗು.

ಚಾಂಪಿಯನ್ ರೀಫ್ಸ್‌ನ ಹೀತ್‌ಕೋಟ್ ಶಾಫ್ಟಿನ ಕಡೆ, 2.3 ಕಿಲೋಮೀಟರ್ ಆಳದಲ್ಲಿ ಈ ಬಲೆ ಎದ್ದಿತು. ಅಲ್ಲಿಯ ಬಂಡೆ ಭಾರಿ ತೂಕದ್ದು. ತಲೆಯ ಮೇಲೆ ಏಳು ಕಿಲೋಮೀಟರಿನಷ್ಟು ನೀರು ನಿಲ್ಲಿಸಿದರೆ ಎಷ್ಟೋ ಅಷ್ಟು ಮರೆ. ಉಪಕರಣವನ್ನು ಹಾಸಿನಂತೆ ಮಲಗಿಸದೆ ಗೋಡೆಯಂತೆ ನಿಲ್ಲಿಸಿದರು. ಎರಡು ಬದಿಗೆ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು, ಕಣ ಹಾದರೆ ಮಿನುಗುವಂಥವು. ನಡುವೆ ಸಾಲುಸಾಲು ನಿಯಾನ್ ಕೊಳವೆಗಳು ಮತ್ತು ಸೀಸ. ಎರಡು ಬದಿಯ ಹಲಗೆಗಳೂ ಒಟ್ಟಿಗೆ ಮಿನುಗಿದರೆ ಕೊಳವೆಗಳಿಗೆ ಹೆಚ್ಚು ವೋಲ್ಟೇಜ್ ಹರಿದು, ಕಣ ಹಾದುಹೋದ ಕೊಳವೆಗಳು ಮಾತ್ರ ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದರೆ ಕಣ ಬಂದ ಹಾದಿ ಸಿಕ್ಕಿತು, ರಂಗೋಲಿಯ ಚುಕ್ಕಿಗಳನ್ನು ಸೇರಿಸಿದ ಹಾಗೆ. ನಿಯಾನ್ ಕೊಳವೆಗಳ ವಿದ್ಯೆ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಆರ್ನಲ್ಡ್ ವೂಲ್ಫೆಂಡೇಲ್ ಗುಂಪಿನದು. ಮಿಯಾಕೆ ಒಸಾಕಾ ಸಿಟಿ ವಿಶ್ವವಿದ್ಯಾಲಯದವರು. ಬೊಂಬಾಯಿಯ ಗುಂಪನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್.

1965ರ ಬೇಸಿಗೆಯಲ್ಲಿ ಆ ಅಡ್ಡ ಗೆರೆಗಳು ಕಂಡವು. ಬೆರಳೆಣಿಕೆಯಷ್ಟು. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ವಾರಗಳೇ ಸರಿಯುತ್ತಿದ್ದವು. ಆ ವಾರಗಳುದ್ದಕ್ಕೂ ಯಾರಾದರೂ ದಿನಾ ಇಳಿಯಬೇಕು, ಫಿಲ್ಮ್ ಬದಲಿಸಬೇಕು, ಮೇಲೆ ತಂದು ತೊಳೆದು ನೋಡಬೇಕು. ಹೆಚ್ಚಿನ ದಿನ ಅದರಲ್ಲಿ ಏನೂ ಇರುವುದಿಲ್ಲ. ಇಂಥ ಕೆಲಸಕ್ಕೆ ಬೇಕಾದ ತಾಳ್ಮೆ ಎಂಥದ್ದು ಎಂದು ಯೋಚಿಸಿದರೆ ನನಗೆ ಮೈ ಜುಂ ಎನ್ನುತ್ತದೆ.

ಅದೇ ಹೊತ್ತಿಗೆ ಜೊಹಾನ್ಸ್‌ಬರ್ಗಿನ ಹತ್ತಿರ, ಈಸ್ಟ್ ರ‍್ಯಾಂಡ್ ಪ್ರೊಪ್ರೈಟರಿ ಗಣಿಯಲ್ಲಿ, 3.2 ಕಿಲೋಮೀಟರ್ ಆಳದಲ್ಲಿ ರೈನೆಸ್ ಇನ್ನೊಂದು ಬಲೆ ಕಟ್ಟಿದ್ದರು. ಅಮೆರಿಕದ ಕೇಸ್ ಸಂಸ್ಥೆಯವರು, ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದ ಸೆಲ್‌ಶಾಪ್ ಮತ್ತು ಮೇಯರ್ ಜೊತೆಗೂಡಿದ್ದರು. ಅವರದು ದ್ರವ ಸಿಂಟಿಲೇಟರ್ ತುಂಬಿದ ಪೆಟ್ಟಿಗೆಗಳು, ಸುರಂಗದ ಎರಡೂ ಗೋಡೆಗಳುದ್ದಕ್ಕೆ ಜೋಡಿಸಿದ್ದು. ವಿಸ್ತಾರ ನಮ್ಮದಕ್ಕಿಂತ ಬಹಳ ದೊಡ್ಡದು. ಆದರೆ ಕಣ ಬಂದ ಹಾದಿಯನ್ನು ಗೆರೆ ಎಳೆದು ತೋರಿಸುವುದರಲ್ಲಿ ನಿಯಾನ್ ಕೊಳವೆಗಳ ಕೈ ಮೇಲು. ಅವರ ಮೊದಲ ನ್ಯೂಟ್ರಿನೊ 1965ರ ಫೆಬ್ರುವರಿ 23ರಂದು ಬಂತು, ನಮ್ಮದಕ್ಕಿಂತ ಮೊದಲೇ. ಆದರೆ ಪ್ರಬಂಧ ಪತ್ರಿಕೆಗೆ ಮೊದಲು ಮುಟ್ಟಿದ್ದು ನಮ್ಮವರದು. 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಗೆ ಜುಲೈ 12ರಂದು ಮುಟ್ಟಿ ಆಗಸ್ಟ್ 15ರ ಸಂಚಿಕೆಯಲ್ಲಿ ಅಚ್ಚಾಯಿತು. ರೈನೆಸ್ ಗುಂಪಿನದು 'ಫಿಸಿಕಲ್ ರಿವ್ಯೂ ಲೆಟರ್ಸ್'ಗೆ ಜುಲೈ 26ರಂದು ಮುಟ್ಟಿ ಆಗಸ್ಟ್ 30ರಂದು ಬಂತು. ನಮ್ಮ ಪ್ರಬಂಧದ ಮೇಲೆ 11 ಹೆಸರು: ಭಾರತದ ಐವರು, ಜಪಾನಿನ ಇಬ್ಬರು, ಇಂಗ್ಲೆಂಡಿನ ನಾಲ್ವರು. ಅವರದರ ಮೇಲೆ ಎಂಟು.

"ಹಾಗಾದರೆ ಗೆದ್ದವರು ಯಾರು?" ಎಂದ ಹುಡುಗ. ಆಟವನ್ನು ಯಾವಾಗ ಚೀಲಕ್ಕೆ ಹಾಕಿದ್ದನೋ ನಾನು ಗಮನಿಸಿರಲಿಲ್ಲ.

ಕಂಡದ್ದರಲ್ಲಿ ಅವರು ಮೊದಲು, ಹೇಳಿದ್ದರಲ್ಲಿ ನಾವು ಮೊದಲು. ಈ ಓಟದ ಲೆಕ್ಕ ಇಷ್ಟಕ್ಕೇ ನಿಲ್ಲುತ್ತದೆ. ಅದಕ್ಕೆ ಜೋತುಬಿದ್ದವರು ನಮ್ಮ ಕಡೆಯೂ ಇದ್ದಾರೆ, ಆಗಸ್ಟ್ 15 ಎಂಬ ತಾರೀಖನ್ನು ಬಾವುಟದಂತೆ ಹಿಡಿಯುವವರು. ನನಗೂ ಆ ತಾರೀಖು ಕಂಡರೆ ಹೆಮ್ಮೆ. ಆದರೆ ಹುಡುಗನ ಮೂಲಪ್ರಶ್ನೆ ಅದಕ್ಕಿಂತ ಮೇಲಿನದು ಎನ್ನಿಸುತ್ತದೆ: ಒಂದೋ, ಎರಡೋ?

ಅವನೇ ಸುಳಿವು ಕೊಟ್ಟ. "ಎರಡು ಗಣಿಗೂ ನಡುವೆ ಕೇಬಲ್ ಇತ್ತಾ ಮಾಮ?"

ಇರಲಿಲ್ಲ. ಅಲ್ಲೇ ಇದೆ ನೋಡಿ ವ್ಯತ್ಯಾಸ. ಕೆಂಪು ಆಟ ಕೊಂಡವನಿಗೆ ಹಸಿರಿನವನ ನೆರವಿಲ್ಲದೆ ಪಟ್ಟಿ ತುಂಬುವುದಿಲ್ಲ. ಬೇಕೆಂದೇ ಅರ್ಧ ಮಾಡಿ, ಅರ್ಧಕ್ಕೆ ಅರ್ಧ ಸೇರಲಿ ಎಂದು ಕೇಬಲ್ ಕೊಟ್ಟರು. ಹಾಗಾಗಿ ನನ್ನ ಮಟ್ಟಿಗೆ ಅದು ಎರಡು ಡಬ್ಬಗಳಲ್ಲಿ ಬಂದ ಒಂದು ಆಟ. ಎರಡನ್ನೂ ಮುಗಿಸಿದ ಹುಡುಗ ಒಂದು ಆಟವನ್ನು ಎರಡು ಸಲ ಆಡಿದ್ದಾನೆ, ಅದೂ ಸಣ್ಣ ಸಾಧನೆಯಲ್ಲ. ಗಣಿಗಳದು ಹಾಗಲ್ಲ. ಈಸ್ಟ್ ರ‍್ಯಾಂಡಿನಲ್ಲಿ ಬಲೆ ಕಟ್ಟದೇ ಇದ್ದಿದ್ದರೂ ಚಾಂಪಿಯನ್ ರೀಫ್ಸ್‌ನ ಗೆರೆಗಳು ಗೆರೆಗಳೇ. ಚಾಂಪಿಯನ್ ರೀಫ್ಸ್ ಇಲ್ಲದಿದ್ದರೂ ಅವರ ಮಿನುಗು ಮಿನುಗೇ. ಉಪಕರಣ ಬೇರೆ, ಬಂಡೆ ಬೇರೆ, ಆಳ ಬೇರೆ, ತಪ್ಪುಗಳಾಗಿದ್ದರೆ ತಪ್ಪುಗಳೂ ಬೇರೆ. ಆ ಕಾರಣಕ್ಕೆ ಎರಡು ಪ್ರಯೋಗ ಎಂದೇ ಎಣಿಸಬೇಕು.

ಆದರೆ ಕಂಡದ್ದು ಒಂದೇ. ಸಿಕ್ಕಿದ್ದು ಬೆರಳೆಣಿಕೆಯ ಗೆರೆಗಳು ಎಂಬುದನ್ನು ಮರೆಯಬಾರದು. ಒಬ್ಬರೇ ಅಷ್ಟನ್ನು ಹಿಡಿದು ತಂದಿದ್ದರೆ, ಉಪಕರಣದ ಐಬೇನೋ ಎಂಬ ಅನುಮಾನ ಬಹುಕಾಲ ಉಳಿಯುತ್ತಿತ್ತು. ಚಿನ್ನದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಅಕ್ಕಸಾಲಿಗ ಒರೆಗೆ ಹಚ್ಚಿ ಹೇಳಿದ್ದನ್ನು ಅವನ ಪರಿಚಯವೇ ಇಲ್ಲದ ಇನ್ನೊಬ್ಬನೂ ಹೇಳಿದರೆ ಆಗ ಮನಸ್ಸಿಗೆ ಸಮಾಧಾನ. ಒರೆ ಎರಡು, ಬಂಗಾರ ಒಂದು. 1965ರಲ್ಲಿ ನಡೆದ ಆವಿಷ್ಕಾರ ಒಂದೇ, ಅದನ್ನು ನಂಬುವಂತೆ ಮಾಡಿದ್ದು ಎರಡೂ ಗಣಿಗಳು ಸೇರಿ. ಬರೀ ಒಂದರ ಹೆಸರು ಹೇಳಿ ಮುಂದೆ ಹೋಗುವವರು, ಅದು ಯಾವುದೇ ಆಗಿರಲಿ, ಅರ್ಧ ಕತೆ ಹೇಳುತ್ತಾರೆ. ಹಾಗೆ ಹೇಳುವಾಗ ಹೆಚ್ಚಾಗಿ ಬಿಟ್ಟುಹೋಗುವುದು ನಮ್ಮ ಚಾಂಪಿಯನ್ ರೀಫ್ಸ್ ಎಂಬುದು ನನಗೆ ನೋವಿನ ಸಂಗತಿ.

ನೆಲದ ಕೆಳಗಿನ ಎಣಿಕೆ ಈ ಊರಿಗೆ ಹಳೆಯ ಸಮಸ್ಯೆ ಕೂಡ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್, ಊರಿಗಾಂ, ನಂದಿದುರ್ಗ: ಮೇಲೆ ಇವು ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಬೇಲಿ, ಬೇರೆ ಬೇರೆ ಷೇರು. 1880ರಿಂದ ಜಾನ್ ಟೇಲರ್ ಮತ್ತು ಮಕ್ಕಳು ನಡೆಸಿದ ವ್ಯವಹಾರವದು. ಕೆಳಗೆ ಮಾತ್ರ ಚಾಂಪಿಯನ್ ಲೋಡ್ ಎಂಬ ಒಂದೇ ಚಿನ್ನದ ಪಟ್ಟೆ, ಯಾರ ಬೇಲಿಯನ್ನೂ ಕೇಳದೆ ಉದ್ದಕ್ಕೆ ಹೋಗಿದೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡ ಮೇಲೂ ಜನ ತಾವು ಯಾವ ಮೈನ್ಸ್‌ನವರು ಎಂದೇ ಹೇಳಿಕೊಂಡರು, ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅವರ ಲೆಕ್ಕವನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಭಾಭಾ ಆ ಪ್ರಬಂಧ ಅಚ್ಚಾದದ್ದನ್ನು ನೋಡಿದರು. ಐದು ತಿಂಗಳಲ್ಲೇ, 1966ರ ಜನವರಿ 24ರಂದು ಆಲ್ಪ್ಸ್ ಪರ್ವತದಲ್ಲಿ ವಿಮಾನ ಬಿದ್ದು ತೀರಿಕೊಂಡರು. ರೈನೆಸ್‌ಗೆ 1995ರಲ್ಲಿ ನೊಬೆಲ್ ಬಂತು, ರಿಯಾಕ್ಟರಿನ ನ್ಯೂಟ್ರಿನೊ ಹಿಡಿದದ್ದಕ್ಕೆ. ಎರಡೂ ಗಣಿಗಳಲ್ಲಿ ಮೊದಲು ಕಂಡ ಅದೇ ಬಗೆಯ, ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಸಾವಿರಾರು ಸಂಖ್ಯೆಯಲ್ಲಿ ಎಣಿಸಿ, ಅವು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತವೆ ಎಂದು ಜಪಾನಿನ ಸೂಪರ್-ಕಾಮಿಯೊಕಾಂಡೆ 1998ರಲ್ಲಿ ತೋರಿಸಿತು. ಅದಕ್ಕೆ 2015ರಲ್ಲಿ ತಕಾಕಿ ಕಜಿತ ಅವರಿಗೆ ನೊಬೆಲ್ ಬಂತು. ಕೆಜಿಎಫ್‌ನಲ್ಲಿ 1980ರ ದಶಕದಲ್ಲಿ ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ನೋಡಲು 140 ಟನ್ ಉಪಕರಣವನ್ನು ಅದೇ 2.3 ಕಿಲೋಮೀಟರ್ ಆಳಕ್ಕೆ ಇಳಿಸಿದರು. ಚಿನ್ನದ ಗಣಿ ಸೊರಗುತ್ತ ಬಂದಂತೆ ಪ್ರಯೋಗಶಾಲೆಗೂ ನೆಲೆ ತಪ್ಪಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತ ಮೇಲೆ ನೀರು ಏರಿತು. ಎರಡು ತಿಂಗಳು ಸೊನ್ನೆ ಎಣಿಸಿದ ಆ ನಿಶ್ಶಬ್ದದ ಕೋಣೆ ಈಗ ನೀರಿನೊಳಗಿದೆ.

ಮಾರಿಕುಪ್ಪಂನಲ್ಲಿ ಇಳಿದೆವು. ಮೈಸೂರು ಮೈನ್ಸ್ ಕಡೆಯ ನೆಂಟರ ಮನೆಗೆ ಹೋಗಬೇಕಿತ್ತು. ಹುಡುಗ ಪ್ಲಾಟ್‌ಫಾರಂ ಮೇಲೇ ನಿಂತ.

"ಆ ಶಾಫ್ಟು ಯಾವುದು? ಹೀತ್‌ಕೋಟ್?"

"ಅದು ಹಿಂದೆ ಉಳಿಯಿತಲ್ಲೋ, ಚಾಂಪಿಯನ್ ಕಡೆ."

"ಹಂಗಾದ್ರೆ ವಾಪಸ್ ಹೋಗೋಣ ಮಾಮ. ಊಟ ಆಮೇಲೆ ಮಾಡಿದರಾಯ್ತು."

ರೈಲು ಇನ್ನೂ ಅಲ್ಲೇ ನಿಂತಿತ್ತು. ಚಾಂಪಿಯನ್‌ಗೆ ಎರಡು ಟಿಕೆಟ್ ತೆಗೆಸಿದೆ.